ತೋಟದಲ್ಲಿ ಹುಟ್ಟಿದ ಕ್ಲಬ್ಬು, ಸಿಟ್ಟಿನಲ್ಲಿ ಹುಟ್ಟಿದ ಕ್ಲಬ್ಬು

1878ರ ಸುಮಾರಿಗೆ ಕಲ್ಕತ್ತೆಯಲ್ಲಿ ಇಂಗ್ಲಿಷರ ಕ್ಲಬ್ಬೊಂದು ಬಾಗಿಲು ಹಾಕಿಕೊಂಡಿತು. ಐದಾರು ವರ್ಷಗಳ ಹಿಂದೆ ಭಾರಿ ಹುರುಪಿನಿಂದ ಶುರುವಾಗಿದ್ದ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಅದು. ಹೆಸರು ಫುಟ್‌ಬಾಲ್, ಆಡುತ್ತಿದ್ದದ್ದು ರಗ್ಬಿ. ಬಂಗಾಳದ ಸೆಕೆಗೆ ಆ ಆಟ ಒಗ್ಗಲಿಲ್ಲ. ಕ್ಲಬ್ಬಿನಲ್ಲಿ ಪುಕ್ಕಟೆ ಮದ್ಯ ನಿಂತ ಮೇಲೆ ಸದಸ್ಯರು ಒಬ್ಬೊಬ್ಬರಾಗಿ ಜಾರಿಕೊಂಡರು, ಉಳಿದವರು ಟೆನಿಸ್ಸಿಗೋ ಪೋಲೋಗೋ ಹೋದರು. ಬ್ಯಾಂಕಿನಲ್ಲಿ ಬಾಕಿ ಇದ್ದದ್ದು 270 ಬೆಳ್ಳಿ ರೂಪಾಯಿ. ಅದನ್ನು ಹಂಚಿಕೊಂಡು ತಿನ್ನುವ ಬದಲು ಕರಗಿಸಿ ಒಂದು ಬಟ್ಟಲು ಮಾಡಿಸಿದರು. ಮೂರು ಹಿಡಿಗಳೂ ಹೆಡೆಯೆತ್ತಿದ ನಾಗರಹಾವು, ಮುಚ್ಚಳದ ಮೇಲೊಂದು ಆನೆ. ಅದನ್ನು ಲಂಡನ್ನಿಗೆ ಕಳಿಸಿಕೊಟ್ಟರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ರಗ್ಬಿ ತಂಡಗಳು ಇವತ್ತಿಗೂ ಸೆಣಸುವುದು ಅದೇ ಕಲ್ಕತ್ತಾ ಕಪ್ಪಿಗೆ.

ಮುಂದೆ ಅದೇ ಹೆಸರಿನಲ್ಲಿ ಮತ್ತೆ ಕ್ಲಬ್ಬೆದ್ದಿತು, ಈ ಸಲ ನಿಜವಾದ ಫುಟ್‌ಬಾಲ್ ಆಡಿತು. ಅದರ ಸುತ್ತ ಇನ್ನಷ್ಟು ಬಿಳಿಯರ ಕ್ಲಬ್ಬುಗಳು ಬಂದವು. ಗವರ್ನರ್ ಜನರಲ್ ಹೆಸರಿನ ಡಾಲ್‌ಹೌಸಿ, ಸುಂಕದ ಇಲಾಖೆಯವರ ಕಸ್ಟಮ್ಸ್, ರೇಂಜರ್ಸ್, ಇವುಗಳ ಜೊತೆಗೆ ಕೋಟೆಯಲ್ಲಿ ಬೀಡುಬಿಟ್ಟ ಪಲ್ಟನ್ನುಗಳ ತಂಡಗಳು. ಹೆಸರು ಕೇಳಿದರೆ ಸಾಕು, ಒಳಗೆ ಯಾರಿದ್ದಾರೆ ಎಂದು ತಿಳಿಯುತ್ತಿತ್ತು. ಬಂಗಾಳಿಗಳು ತಮ್ಮದೇ ಕ್ಲಬ್ಬು ಕಟ್ಟಲು ಹೊರಟಾಗ ಅವರೂ ಇದೇ ಪ್ರಶ್ನೆಗೆ ಉತ್ತರ ಹೇಳಬೇಕಾಯಿತು. ಹೆಸರು ಯಾರದ್ದಿಡುವುದು, ಒಳಗೆ ಯಾರನ್ನು ಬಿಡುವುದು?

ಈ ಪ್ರಶ್ನೆಯನ್ನು ಮೊದಲು ನೇರವಾಗಿ ಎದುರಿಸಿದವನು ನಗೇಂದ್ರ ಪ್ರಸಾದ ಸರ್ವಾಧಿಕಾರಿ. ಬಂಗಾಳದಲ್ಲಿ ಎಲ್ಲರೂ ಹೇಳುವ ಕಥೆ ಹೀಗಿದೆ: 1877ರಲ್ಲಿ ಹುಡುಗ ನಗೇಂದ್ರ ತಾಯಿಯ ಜೊತೆ ಗಂಗಾಸ್ನಾನಕ್ಕೆ ಗಾಡಿಯಲ್ಲಿ ಹೋಗುತ್ತಿದ್ದ. ದಾರಿಯಲ್ಲಿ ಬಿಳಿಯರು ಚೆಂಡಾಡುವುದನ್ನು ಕಂಡು ಇಳಿದ. ಗೆರೆ ದಾಟಿ ಬಂದ ಚೆಂಡನ್ನು ಕೈಯಲ್ಲಿ ಎತ್ತಿ ನೋಡಿ, ಕಾಲಿನಿಂದ ಒದ್ದು ವಾಪಸು ಕಳಿಸಿದ. ಮಾರನೆಯ ದಿನದಿಂದಲೇ ಹೇರ್ ಸ್ಕೂಲಿನ ಸಹಪಾಠಿಗಳಿಂದ ಚಂದಾ ಎತ್ತಿ ಚೆಂಡು ಕೊಂಡ. ಇಂಥ ಕಥೆಗಳಿಗೆ ಹೇಳುತ್ತ ಹೇಳುತ್ತ ಮೆರುಗು ಬರುವುದು ಸಹಜ. ಆದರೆ ಅವನು ಒಂದರ ಹಿಂದೊಂದು ಕ್ಲಬ್ಬು ಹುಟ್ಟುಹಾಕಿದ್ದರಲ್ಲಿ ಅನುಮಾನವಿಲ್ಲ. ಬಾಯ್ಸ್ ಕ್ಲಬ್ ಆಯಿತು, ವೆಲಿಂಗ್ಟನ್ ಕ್ಲಬ್ ಆಯಿತು. ವೆಲಿಂಗ್ಟನ್ನಿಗೆ ಕುಂಬಾರರ ಮನೆಯ ಮಣಿ ದಾಸ್ ಎಂಬ ಹುಡುಗನನ್ನು ಸೇರಿಸಿಕೊಳ್ಳಲು ಹೊರಟಾಗ ಮೇಲ್ಜಾತಿಯ ಸದಸ್ಯರು ಮುನಿದರು. ನಗೇಂದ್ರ ರಾಜಿಗೆ ಹೋಗಲಿಲ್ಲ, ಕ್ಲಬ್ಬನ್ನೇ ವಿಸರ್ಜಿಸಿಬಿಟ್ಟ. 1887ರಲ್ಲಿ ಶೋಭಾಬಜಾರ್ ಕ್ಲಬ್ ಕಟ್ಟಿದಾಗ ಅದರ ಸದಸ್ಯರ ಪಟ್ಟಿಯಲ್ಲಿ ಮೊದಲ ಹೆಸರೇ ಮಣಿ ದಾಸನದು. ತಮಾಷೆಯೆಂದರೆ ಕ್ಲಬ್ಬಿನ ಹೆಸರು ಮಾತ್ರ ರಾಜಮನೆತನದ ಬೀದಿಯದು. 1892ರಲ್ಲಿ ಟ್ರೇಡ್ಸ್ ಕಪ್ಪಿನಲ್ಲಿ ಈಸ್ಟ್ ಸರ್ರೆ ಪಲ್ಟನ್ನನ್ನು ಶೋಭಾಬಜಾರ್ 2-1ರಿಂದ ಸೋಲಿಸಿತು. ಮುಂದೆ ಬರಲಿದ್ದ ದೊಡ್ಡ ಗೆಲುವಿನ ನೆರಳಿನಲ್ಲಿ ಈ ಗೆಲುವು ಮರೆತುಹೋಯಿತು. ನನ್ನ ಮಟ್ಟಿಗೆ ಭಾರತದ ಫುಟ್‌ಬಾಲಿನ ಚರಿತ್ರೆ ಬರೆಯುವವರು ಮೊದಲು ನಿಲ್ಲಬೇಕಾದ ಜಾಗ ಇದೇ.

ಮೋಹನ್ ಬಾಗನ್ ಹುಟ್ಟಿದ್ದು ಇದಕ್ಕಿಂತ ಬಹಳ ನೆಮ್ಮದಿಯ ವಾತಾವರಣದಲ್ಲಿ. ಉತ್ತರ ಕಲ್ಕತ್ತೆಯ ಫಡಿಯಾಪುಕುರದ ಬಳಿ ಕೀರ್ತಿ ಮಿತ್ರ ಎಂಬ ಶ್ರೀಮಂತರ ಅಮೃತಶಿಲೆಯ ಮಹಲಿತ್ತು, ಸುತ್ತ ತೋಟ. ಆ ಮಹಲಿನ ಹೆಸರು ಮೋಹನ್ ಬಾಗನ್. ಅಕ್ಕಪಕ್ಕದ ಹುಡುಗರು ಚೆಂಡಾಡುತ್ತಿದ್ದದ್ದು ಅದರ ಹುಲ್ಲಿನ ಮೇಲೆ. 1889ರ ಆಗಸ್ಟ್ 15ರಂದು ಬಲರಾಮ್ ಘೋಷ್ ಬೀದಿಯಲ್ಲಿದ್ದ ಭೂಪೇಂದ್ರನಾಥ ಬೋಸರ ಮನೆಯಲ್ಲಿ ಸಭೆ ಸೇರಿ ಕ್ಲಬ್ಬು ಕಟ್ಟಿದರು. ಬೋಸರೇ ಮೊದಲ ಅಧ್ಯಕ್ಷರು. ವಕೀಲರಾಗಿದ್ದ ಅವರು 1914ರಲ್ಲಿ ಮದರಾಸಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಮಿತ್ರ, ಬಸು, ಸೇನ್ ಮನೆತನಗಳು ಸೇರಿ ನಡೆಸಿದ ಕ್ಲಬ್ಬಿಗೆ ಆಡುವ ಜಾಗದ ಹೆಸರನ್ನೇ ಇಟ್ಟರು, ಹೆಚ್ಚು ತಲೆಕೆಡಿಸಿಕೊಂಡಂತೆ ಕಾಣುವುದಿಲ್ಲ. ಮೋಹನ್ ಬಾಗನ್ ಸ್ಪೋರ್ಟಿಂಗ್ ಕ್ಲಬ್.

ಆ ಹೆಸರಿನ ಬಾಲ ಒಂದು ವರ್ಷವೂ ಬಾಳಲಿಲ್ಲ. ಮೊದಲ ವಾರ್ಷಿಕೋತ್ಸವಕ್ಕೆ ಬಂದಿದ್ದ ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರ್ ರೋ, ನಿಮ್ಮಲ್ಲಿ ಬೇಟೆ ಇದೆಯೇ, ಗಾಳ ಹಾಕಿ ಮೀನು ಹಿಡಿಯುವುದಿದೆಯೇ ಎಂದು ವಿಚಾರಿಸಿದರಂತೆ. ಇಲ್ಲವೆಂದಾಗ, ಹಾಗಾದರೆ ಸ್ಪೋರ್ಟಿಂಗ್ ಎಂದು ಹಾಕಿಕೊಳ್ಳುವುದು ಸರಿಯಲ್ಲ, ಅಥ್ಲೆಟಿಕ್ ಎಂದು ಬದಲಿಸಿ ಎಂದರು. ಬದಲಿಸಿದರು. ಇಂಗ್ಲಿಷರ ಭಾಷೆಯ ಬಗ್ಗೆ ಇಂಗ್ಲಿಷ್ ಮೇಷ್ಟರ ಮಾತು ಮೀರುವ ಧೈರ್ಯ ಅವತ್ತಿನ ಭದ್ರಲೋಕಕ್ಕೆ, ಅಂದರೆ ಓದಿದ ಮೇಲ್ವರ್ಗದ ಬಂಗಾಳಿಗಳಿಗೆ, ಎಲ್ಲಿಂದ ಬರಬೇಕು? ಕ್ಲಬ್ಬಿನೊಳಗೆ ಶಿಸ್ತು ಬಲು ಕಟ್ಟುನಿಟ್ಟು. ಸಿಗರೇಟು ಸೇದುವಂತಿಲ್ಲ, ಓದುವ ಹುಡುಗರು ಪರೀಕ್ಷೆಯಲ್ಲಿ ಹಿಂದೆ ಬೀಳುವಂತಿಲ್ಲ. ಒಳ್ಳೆಯ ಮನೆಯ ಒಳ್ಳೆಯ ಮಕ್ಕಳನ್ನು ತಯಾರು ಮಾಡುವುದು ಹಿರಿಯರ ಉದ್ದೇಶವಾಗಿತ್ತು. ಆ ಅಮೃತಶಿಲೆಯ ಮಹಲು ಈಗಿಲ್ಲ. ಒಂದು ಓಣಿಗೆ ಅದರ ಹೆಸರು ಉಳಿದುಕೊಂಡಿದೆ.

ಅದೇ ಹೊತ್ತಿಗೆ ಊರಿನ ಮುಸ್ಲಿಂ ಗಣ್ಯರೂ ಒಂದು ಕ್ಲಬ್ಬು ಕಟ್ಟಿ ಹೆಸರಿಗಾಗಿ ತಡಕಾಡುತ್ತಿದ್ದರು. 1887 ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಐವತ್ತು ವರ್ಷವಾದ ವರ್ಷ, ಆದ್ದರಿಂದ ಜುಬಿಲಿ ಕ್ಲಬ್. ಕೆಲವು ದಿನದಲ್ಲಿ ಅದು ಕ್ರೆಸೆಂಟ್ ಕ್ಲಬ್ ಆಯಿತು, ಆಮೇಲೆ ಹಮೀದಿಯಾ ಕ್ಲಬ್. ತುರ್ಕಿಯ ಸಿಂಹಾಸನದಲ್ಲಿ ಆಗ ಇದ್ದದ್ದು ಸುಲ್ತಾನ ಅಬ್ದುಲ್ ಹಮೀದ್, ಹೆಸರು ಅವನಿಂದಲೇ ಬಂದಿರಬೇಕೆಂದು ನನ್ನ ಊಹೆ. 1891ರಲ್ಲಿ ಕಡೆಗೆ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ ಎಂದು ನಿಂತಿತು. ನಾಲ್ಕು ವರ್ಷದಲ್ಲಿ ನಾಲ್ಕು ಹೆಸರು. ಬ್ರಿಟಿಷ್ ರಾಣಿಯಿಂದ ಹೊರಟು ತನ್ನ ಸಮುದಾಯದವರೆಗೆ ಬಂದ ಈ ದಾರಿಯಲ್ಲಿ, ಆ ಕಾಲದ ಕಲ್ಕತ್ತೆಯ ವಿದ್ಯಾವಂತ ಮುಸಲ್ಮಾನರು ತಮ್ಮನ್ನು ತಾವು ಹೇಗೆ ಗುರುತಿಸಿಕೊಳ್ಳಬೇಕೆಂದು ಯೋಚಿಸುತ್ತಿದ್ದರು ಎಂಬುದು ಸಾಕಷ್ಟು ಕಾಣುತ್ತದೆ. ಮೋಹನ್ ಬಾಗನ್ ಹೆಸರಿನಲ್ಲಿ ಜಾತಿಯಿಲ್ಲ, ಮತವಿಲ್ಲ. ಬಹುಸಂಖ್ಯಾತರಿಗೆ, ಅದರಲ್ಲೂ ಮೇಲಿದ್ದವರಿಗೆ, ಅದನ್ನು ಹೇಳಿಕೊಳ್ಳುವ ಅಗತ್ಯ ಬೀಳುತ್ತಿರಲಿಲ್ಲ.

ಬಾರಿ ಬಾರಿ ಹೇಳಿ ಸವೆದಿದ್ದರೂ 1911ರ ಕಥೆಯನ್ನು ಬಿಡುವಂತಿಲ್ಲ. 1905ರಲ್ಲಿ ಕರ್ಜನ್ ಬಂಗಾಳವನ್ನು ಒಡೆದಿದ್ದ. ಸ್ವದೇಶಿ ಚಳವಳಿ ಕಾವೇರಿತ್ತು, 1908ರಲ್ಲಿ ಖುದೀರಾಮ್ ಬೋಸ್ ಗಲ್ಲಿಗೇರಿದ್ದ. ಬಂಗಾಳಿಗಳು ಮಾತಿನ ಮಲ್ಲರು, ಮೈಯಲ್ಲಿ ಕಸುವಿಲ್ಲದವರು ಎಂದು ಮೆಕಾಲೆಯ ಕಾಲದಿಂದ ಬಿಳಿಯರು ಆಡಿಕೊಳ್ಳುತ್ತ ಬಂದಿದ್ದರು. ಇಂಥ ಹೊತ್ತಿನಲ್ಲಿ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ನಿನ (ಐಎಫ್‌ಎ) ಶೀಲ್ಡ್ ಪಂದ್ಯಾವಳಿಯಲ್ಲಿ ಮೋಹನ್ ಬಾಗನ್ ಒಂದೊಂದೇ ತಂಡವನ್ನು ದಾಟುತ್ತ ಬಂತು. ಸೇಂಟ್ ಝೇವಿಯರ್ಸ್, ರೇಂಜರ್ಸ್, ರೈಫಲ್ ಬ್ರಿಗೇಡ್ ಬಿದ್ದವು. ಸೆಮಿಫೈನಲ್ಲಿನಲ್ಲಿ ಮಿಡ್ಲ್‌ಸೆಕ್ಸ್ ಪಲ್ಟನ್ನಿನ ಜೊತೆ ಮೊದಲ ದಿನ 1-1, ಮರುಪಂದ್ಯದಲ್ಲಿ 3-0. ಜುಲೈ 29ರ ಶನಿವಾರ ಫೈನಲ್, ಎದುರಾಳಿ ಈಸ್ಟ್ ಯಾರ್ಕ್‌ಶೈರ್ ಪಲ್ಟನ್.

ಊರೂರಿನಿಂದ ವಿಶೇಷ ರೈಲು, ಹೆಚ್ಚುವರಿ ದೋಣಿಗಳಲ್ಲಿ ಜನ ಬಂದರು. ಎಂಬತ್ತು ಸಾವಿರ ಎಂದವರಿದ್ದಾರೆ, ಲಕ್ಷ ಎಂದವರೂ ಇದ್ದಾರೆ. ಎರಡು ರೂಪಾಯಿಯ ಟಿಕೆಟ್ಟು ಹದಿನೈದಕ್ಕೆ ಬಿಕರಿಯಾಯಿತು. ಮರ ಹತ್ತಿದವರು ಹತ್ತಿದರು, ಹೆಗಲ ಮೇಲೆ ನಿಂತವರು ನಿಂತರು. ಅದಕ್ಕೂ ಜಾಗ ಸಿಗದೆ ದೂರ ಉಳಿದವರಿಗೆ ಗೋಲಿನ ಲೆಕ್ಕ ತಿಳಿಸಲು ಗಾಳಿಪಟ ಹಾರಿಸಿದರು. ಮೋಹನ್ ಬಾಗನ್ನಿನ ಹನ್ನೊಂದು ಜನರಲ್ಲಿ ಹತ್ತು ಮಂದಿ ಬರಿಗಾಲಿನವರು. ಬೂಟು ಹಾಕಿದ್ದವರು ಎಡ ಬ್ಯಾಕ್ ಸುಧೀರ್ ಚಟರ್ಜಿ ಒಬ್ಬರೇ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕ್ರೈಸ್ತರು. ದ್ವಿತೀಯಾರ್ಧದಲ್ಲಿ ಫ್ರೀ ಕಿಕ್ಕಿನಿಂದ ಈಸ್ಟ್ ಯಾರ್ಕ್‌ಶೈರಿನ ಜಾಕ್ಸನ್ ಗೋಲು ಹೊಡೆದಾಗ ಮೈದಾನದಲ್ಲಿ ಸೂತಕದ ಮೌನ. ಆಟ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ನಾಯಕ ಶಿವದಾಸ ಭಾದುಡಿ ಎಡ ಅಂಚಿನಿಂದ ನುಗ್ಗಿ ಸಮ ಮಾಡಿದ. ಇನ್ನೇನು ಸೀಟಿ ಊದಬೇಕು ಎನ್ನುವಾಗ ಅವನೇ ಒದಗಿಸಿದ ಚೆಂಡನ್ನು ಅಭಿಲಾಷ ಘೋಷ್ ಬಲೆಗೆ ನೂಕಿದ. 2-1. ಭಾರತೀಯರ ತಂಡವೊಂದು ಶೀಲ್ಡ್ ಗೆದ್ದದ್ದು ಅದೇ ಮೊದಲು.

ಪಂದ್ಯ ಮುಗಿದು ಮರಳುವಾಗ ಮುದುಕನೊಬ್ಬ ಆಟಗಾರನನ್ನು ತಡೆದು, ಫೋರ್ಟ್ ವಿಲಿಯಮ್ಮಿನ ಮೇಲಿದ್ದ ಬಾವುಟ ತೋರಿಸಿ, ಇದು ಹೋಯಿತು, ಅದು ಯಾವಾಗ ಇಳಿಯುತ್ತದೆ ಎಂದು ಕೇಳಿದನಂತೆ. ಮುಂದಿನ ಸಲ ಶೀಲ್ಡ್ ಗೆದ್ದಾಗ ಎಂಬ ಉತ್ತರ ಬಂತಂತೆ. ಮೋಹನ್ ಬಾಗನ್ ಎರಡನೆಯ ಸಲ ಶೀಲ್ಡ್ ಗೆದ್ದದ್ದು 1947ರಲ್ಲಿ. ಲೆಕ್ಕ ಇಷ್ಟು ಸರಿಯಾಗಿ ಕೂಡಿಬಂದಾಗಲೇ ಕಥೆ ಆಮೇಲೆ ಕಟ್ಟಿದ್ದೇ ಎಂದು ಕೇಳಬೇಕಾಗುತ್ತದೆ. ಇತಿಹಾಸಕಾರರ ನಡುವೆ ಇರುವ ಜಗಳವೂ ಇಂಥದ್ದೇ. ಬೋರಿಯಾ ಮಜುಂದಾರ್, ಕೌಶಿಕ್ ಬಂದ್ಯೋಪಾಧ್ಯಾಯ ಮೊದಲಾದವರು ಬಂಗಾಳದ ಫುಟ್‌ಬಾಲನ್ನು ರಾಷ್ಟ್ರೀಯತೆಯ ಕಥೆಯೊಳಗಿಟ್ಟು ನೋಡಿದ್ದಾರೆ. ಬೇರೆ ಕೆಲವರು, ಈ ಕ್ಲಬ್ಬಿನ ಹಿರಿಯರು ಸರ್ಕಾರದ ಜೊತೆ ಹೊಂದಿಕೊಂಡು ಹೋಗುತ್ತಿದ್ದ ಮಂದಗಾಮಿಗಳು, ಬಿಳಿಯರ ನಿಯಮಕ್ಕೆ ತಲೆಬಾಗಿ ಅವರ ಆಟವನ್ನೇ ಆಡಿ ಗೆದ್ದದ್ದು ಸಾಮ್ರಾಜ್ಯಕ್ಕೂ ಹಿತವಾಗಿಯೇ ಕೇಳಿಸುತ್ತಿತ್ತು ಎನ್ನುತ್ತಾರೆ. ಆಂಗ್ಲ ಪತ್ರಿಕೆಗಳೂ ಗೆದ್ದವರನ್ನು ಹೊಗಳಿ ಬರೆದದ್ದು ನಿಜ. ಹಿರಿಯರ ಮನಸ್ಸಿನಲ್ಲಿ ಏನಿತ್ತೋ, ಮರ ಹತ್ತಿ ಕೂತವರ ಮನಸ್ಸಿನಲ್ಲಿ ಇದ್ದದ್ದು ಬಂಗಾಳದ ಮೇಲಿನ ಗಾಯ. 1911ರ ಡಿಸೆಂಬರಿನಲ್ಲೇ ದಿಲ್ಲಿ ದರ್ಬಾರಿನಲ್ಲಿ ಬಂಗಾಳ ವಿಭಜನೆ ರದ್ದಾಯಿತು, ರಾಜಧಾನಿಯೂ ಕಲ್ಕತ್ತೆಯನ್ನು ಬಿಟ್ಟು ದಿಲ್ಲಿಗೆ ಹೋಯಿತು.

ಆ ಗೆಲುವಿನಲ್ಲಿ ಆಮೇಲೆ ಬಹಳ ಜನ ಮರೆತ, ಮರೆಯಲು ಇಷ್ಟಪಟ್ಟ ಒಂದು ಸಂಗತಿಯಿದೆ. ತೋಟದ ಹೆಸರಿನ ಆ ತಂಡದಲ್ಲಿ ಹೆಚ್ಚಿನವರು ಪೂರ್ವ ಬಂಗಾಳದ ಮೂಲದವರು. ಶಿವದಾಸ ಮತ್ತು ಅವನ ಅಣ್ಣ ವಿಜಯದಾಸ ಫರೀದ್‌ಪುರದ ಕಡೆಯವರು, ಗೆಲುವಿನ ಗೋಲು ಹೊಡೆದ ಅಭಿಲಾಷ ಮೈಮನ್‌ಸಿಂಗದವನು. ಪದ್ಮಾ ನದಿಯ ಆಚೆಯಿಂದ ಓದಲು, ಗುಮಾಸ್ತಗಿರಿಗೆ ಬಂದು ಮೆಸ್ಸುಗಳಲ್ಲಿ ಇಕ್ಕಟ್ಟಾಗಿ ಬದುಕುತ್ತಿದ್ದವರನ್ನು ಕಲ್ಕತ್ತೆಯವರು ಬಾಂಗಾಲ್ ಎಂದು ಕರೆಯುತ್ತಿದ್ದರು. ಅವರ ಮಾತಿನ ಧಾಟಿ, ಊಟದ ರೀತಿ, ಎಲ್ಲವೂ ನಗೆಪಾಟಲು. ಇವರೂ ಬಿಡದೆ ಊರಿನವರನ್ನು ಘೋಟಿ ಎಂದು ಕರೆಯುತ್ತಿದ್ದರು. ಆಡುವಾಗ ಬೇಕು, ಆಡಳಿತ ಮಂಡಳಿಯಲ್ಲಿ ಬೇಡ ಎಂಬ ಅಸಮಾಧಾನ ಪೂರ್ವದವರಲ್ಲಿ ಒಳಗೊಳಗೇ ಹೊಗೆಯಾಡುತ್ತಿತ್ತು.

ಕಿಡಿ ಬಿದ್ದದ್ದು 1920ರ ಜುಲೈ 28ರಂದು. ಕೂಚ್‌ಬಿಹಾರ್ ಕಪ್ಪಿನಲ್ಲಿ ಅಂದು ಮೋಹನ್ ಬಾಗನ್ ಮತ್ತು ಜೋಡಾಬಾಗಾನ್ ಪಂದ್ಯ. ಜೋಡಾಬಾಗಾನಿನವರು ತಮ್ಮ ಹಾಫ್‌ಬ್ಯಾಕ್ ಶೈಲೇಶ ಬೋಸನನ್ನು ಕಾರಣ ಹೇಳದೆ ತಂಡದಿಂದ ಕೈಬಿಟ್ಟರು. ಶೈಲೇಶ ಪೂರ್ವದವನು. ಕ್ಲಬ್ಬಿನ ಉಪಾಧ್ಯಕ್ಷ ಸುರೇಶಚಂದ್ರ ಚೌಧುರಿಯೂ ಪೂರ್ವದವರೇ, ಟಾಂಗಾಯಿಲ್ ಬಳಿಯ ನಾಗರ್‌ಪುರದ ಜಮೀನ್ದಾರರು. ಹುಡುಗನನ್ನು ಆಡಿಸಿ ಎಂದು ಕೇಳಿಕೊಂಡರು. ಮಂಡಳಿ ಸೊಪ್ಪು ಹಾಕಲಿಲ್ಲ. ಉಪಾಧ್ಯಕ್ಷರ ಮಾತಿಗೇ ಬೆಲೆಯಿಲ್ಲದ ಕ್ಲಬ್ಬಿನಲ್ಲಿ ಇದ್ದೇನು ಮಾಡುವುದು ಎಂದು ಸುರೇಶಬಾಬು ಶೈಲೇಶನನ್ನು ಕರೆದುಕೊಂಡು ಹೊರಬಿದ್ದರು. ಜೊತೆಗೆ ಸಂತೋಷ್ ಎಂಬ ಊರಿನ ರಾಜಾ ಮನ್ಮಥನಾಥ ಚೌಧುರಿ, ರಮೇಶಚಂದ್ರ ಸೇನ್ ಮೊದಲಾದವರು ಸೇರಿದರು. ಸಿಟ್ಟು ಆರುವ ಮುಂಚೆ, ನಾಲ್ಕೇ ದಿನದಲ್ಲಿ, ಆಗಸ್ಟ್ 1ರಂದು ಹೊಸ ಕ್ಲಬ್ಬು ಹುಟ್ಟಿತು. ಯಾವ ಊರಿನವರೆಂದು ತಮ್ಮನ್ನು ಹೀಯಾಳಿಸುತ್ತಿದ್ದರೋ ಆ ನಾಡನ್ನೇ ಹೆಸರಾಗಿ ಇಟ್ಟರು: ಈಸ್ಟ್ ಬೆಂಗಾಲ್.

ಮೊದಲ ಅಧ್ಯಕ್ಷರಾಗಿ ಶಾರದಾರಂಜನ ರೇ ಬಂದರು. ಬಂಗಾಳದಲ್ಲಿ ಕ್ರಿಕೆಟ್ ಬೆಳೆಸಿದ ಮೇಷ್ಟರು, ಗಡ್ಡಕ್ಕೂ ಆಟಕ್ಕೂ ಸೇರಿ ಬಂಗಾಳದ ಡಬ್ಲ್ಯು.ಜಿ. ಗ್ರೇಸ್ ಎನಿಸಿಕೊಂಡವರು, ಸತ್ಯಜಿತ್ ರಾಯ್ ಅವರ ಅಜ್ಜನ ಅಣ್ಣ. ಆ ಮನೆತನದ ಬೇರೂ ಮೈಮನ್‌ಸಿಂಗದಲ್ಲಿ. ಅಂಗಿ ಹುಡುಕಿಕೊಂಡು ಸಂಘಟಕರು ಚೌರಂಗಿಯ ವೈಟ್‌ಅವೇ ಲೇಡ್ಲಾ ಅಂಗಡಿಗೆ ಹೋದರು. ಸಾಹೇಬರೂ ಮೇಮುಗಳೂ ಬಟ್ಟೆ ಕೊಳ್ಳುತ್ತಿದ್ದ ದೊಡ್ಡ ಮಳಿಗೆ ಅದು. ಗಾಜಿನ ಹಿಂದೆ ತೂಗುಹಾಕಿದ್ದ ಕೆಂಪು-ಹೊನ್ನಿನ ಬಣ್ಣದ ಅಂಗಿಗಳು ಕಣ್ಣಿಗೆ ಬಿದ್ದವು. ಬೆಲೆ 80 ರೂಪಾಯಿ ಎಂದು ಹೇಳುತ್ತಾರೆ, ಅವತ್ತಿನ ಗುಮಾಸ್ತನ ಸಂಬಳ ನೆನೆದರೆ ಸಣ್ಣ ಮೊತ್ತವಲ್ಲ. ಜಮೀನ್ದಾರರ ಹಣ, ಕೊಂಡರು. ಸ್ವದೇಶಿ ಬಟ್ಟೆಯ ಮಾತು ಎಲ್ಲೆಲ್ಲೂ ಇದ್ದ ಕಾಲದಲ್ಲಿ, ಪೂರ್ವ ಬಂಗಾಳದ ಸ್ವಾಭಿಮಾನದ ಬಣ್ಣ ಬಂದದ್ದು ವಿಲಾಯಿತಿ ಅಂಗಡಿಯ ಕಪಾಟಿನಿಂದ.

ಇನ್ನೊಂದು ವಿಚಿತ್ರ. ಹೊಸ ಕ್ಲಬ್ಬು ಅದೇ ಆಗಸ್ಟಿನಲ್ಲಿ ಹರ್ಕ್ಯುಲಿಸ್ ಕಪ್ಪಿಗೆ ಕಟ್ಟಿದ ತಂಡದ ಪಟ್ಟಿಯಲ್ಲಿ ಗೋಷ್ಠ ಪಾಲ್ ಹೆಸರಿದೆ. ಮುಂದೆ ಚೀನಾದ ಗೋಡೆ ಎಂದು ಖ್ಯಾತರಾಗಿ, ಪದ್ಮಶ್ರೀ ಪಡೆದ ಮೊದಲ ಫುಟ್‌ಬಾಲಿಗರಾಗಿ, ಕೋಲ್ಕತ್ತದ ಮೈದಾನದ ಬಳಿ ಪ್ರತಿಮೆಯಾಗಿ ನಿಂತಿರುವ ಮೋಹನ್ ಬಾಗನ್ನಿನ ಅದೇ ಗೋಷ್ಠ ಪಾಲ್. ಅವರೂ ಫರೀದ್‌ಪುರದ ಕಡೆಯವರು. ಕ್ಲಬ್ಬುಗಳ ನಡುವಿನ ಗೋಡೆ ಆಗಿನ್ನೂ ಎದೆಮಟ್ಟಕ್ಕೆ ಎದ್ದಿರಲಿಲ್ಲ.

ಅದನ್ನು ಎಬ್ಬಿಸಿದ್ದು ಒಂದು ನಿಯಮ. ಕಲ್ಕತ್ತಾ ಲೀಗಿನ ಮೊದಲ ಡಿವಿಜನ್ನಿನಲ್ಲಿ ಭಾರತೀಯರ ಕ್ಲಬ್ಬುಗಳು ಎರಡಕ್ಕಿಂತ ಹೆಚ್ಚು ಇರುವಂತಿಲ್ಲ ಎಂಬುದು ಬಿಳಿಯರ ಕಟ್ಟಳೆ. ಆ ಎರಡು ಜಾಗದಲ್ಲಿ ಮೋಹನ್ ಬಾಗನ್ ಮತ್ತು ಆರ್ಯನ್ ಕೂತಿದ್ದವು. 1924ರಲ್ಲಿ ಎರಡನೆಯ ಡಿವಿಜನ್ನಿನ ಮೇಲ್ತುದಿಗೆ ಬಂದ ಈಸ್ಟ್ ಬೆಂಗಾಲ್ ಬಡ್ತಿ ಕೇಳಿತು. ನಿಯಮ ಸಡಿಲಿಸಲು ಬಿಳಿಯರ ಕ್ಲಬ್ಬುಗಳೇ ಒಪ್ಪಿದವು, ಅಡ್ಡಗಾಲು ಹಾಕಿದ್ದು ಒಳಗಿದ್ದ ಎರಡು ಭಾರತೀಯ ಕ್ಲಬ್ಬುಗಳು ಎಂದು ಈಸ್ಟ್ ಬೆಂಗಾಲಿನವರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದಾರೆ. ಕಡೆಗೆ ಕಟ್ಟಳೆ ಬಿದ್ದುಹೋಯಿತು. 1925ರ ಮೇ 28ರಂದು ಲೀಗಿನಲ್ಲಿ ಎರಡೂ ಮೊದಲ ಬಾರಿ ಎದುರಾದಾಗ ನೇಪಾಲ್ ಚಕ್ರವರ್ತಿಯ ಗೋಲಿನಿಂದ ಈಸ್ಟ್ ಬೆಂಗಾಲ್ 1-0ಯಿಂದ ಗೆದ್ದಿತು. ಹೀಯಾಳಿಕೆಗೆ ಉತ್ತರವಾಗಿ ಇಟ್ಟ ಹೆಸರು ಅಂದಿನಿಂದ ಗ್ಯಾಲರಿಯ ಕೂಗಾಯಿತು. ಇಬ್ಭಾಗವಾದದ್ದು ಅಡುಗೆಮನೆಯೂ ಹೌದು: ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು, ಮೋಹನ್ ಬಾಗನ್ ಗೆದ್ದರೆ ಸಿಗಡಿ.

ಈ ಇಬ್ಬರೂ ಕಚ್ಚಾಡುತ್ತಿರುವಾಗ ಮೂರನೆಯವರು ಬಂದು ಲೀಗನ್ನೇ ಹೊತ್ತುಕೊಂಡು ಹೋದರು. 1898ರಲ್ಲಿ ಶುರುವಾದ ಲೀಗನ್ನು 1933ರವರೆಗೆ ಭಾರತೀಯರ ಯಾವ ಕ್ಲಬ್ಬೂ ಗೆದ್ದಿರಲಿಲ್ಲ. ನಲವತ್ತು ವರ್ಷ ಕೆಳಗಿನ ಪಂಕ್ತಿಗಳಲ್ಲೇ ಇದ್ದ ಮೊಹಮ್ಮಡನ್ ಸ್ಪೋರ್ಟಿಂಗ್ 1934ರಲ್ಲಿ ಮೊದಲ ಡಿವಿಜನ್ನಿಗೆ ಏರಿ, ಏರಿದ ವರ್ಷವೇ ಲೀಗ್ ಗೆದ್ದಿತು. 1938ರವರೆಗೆ ಸತತ ಐದು ಸಲ ಬಿಡಲಿಲ್ಲ. ಇದರ ಹಿಂದಿದ್ದ ತಲೆ ಕಾರ್ಯದರ್ಶಿ ಸಿ.ಎ. ಅಜೀಜ್ ಅವರದು. ಮಳೆಗಾಲದ ಕಲ್ಕತ್ತೆಯ ಮೈದಾನ ಕೆಸರುಗದ್ದೆ. ಒಣ ನೆಲದ ಮೇಲೆ ಬರಿಗಾಲಿನವರ ಚುರುಕಿಗೆ ಸಾಟಿಯಿಲ್ಲದಿದ್ದರೂ ಮಳೆ ಬಿದ್ದ ದಿನ ಅವರು ಜಾರಿ ಬೀಳುತ್ತಿದ್ದರು. ಒದ್ದೆ ನೆಲದಲ್ಲಿ ಹಗುರವಾದ ಬೂಟು ಹಾಕಿ ಆಡುವುದನ್ನು ಅಜೀಜ್ ತಮ್ಮವರಿಗೆ ರೂಢಿ ಮಾಡಿಸಿದರು. ಬಂಗಾಳದ ಹುಡುಗರೇ ಆಗಬೇಕೆಂಬ ಹಟವನ್ನೂ ಬಿಟ್ಟು ದೇಶದ ಮೂಲೆಮೂಲೆಯಿಂದ ಆಟಗಾರರನ್ನು ತಂದರು. ಬೆಂಗಳೂರಿನಿಂದಲೂ ಹೋದರು.

ಬೆಂಗಳೂರಿಗೆ ಆ ಯೋಗ್ಯತೆ ಆಗಲೇ ಇತ್ತು. ದಂಡು ಪ್ರದೇಶದಲ್ಲಿ ಗೋರಾ ಪಲ್ಟನ್ನುಗಳ ಆಟ ನೋಡುತ್ತ, ಅವರೊಡನೆ ಆಡುತ್ತ ಬೆಳೆದ ಹುಡುಗರ ತಂಡಗಳಿದ್ದವು. ಹೆಸರುಗಳೂ ಕಲ್ಕತ್ತೆಯ ಮಾದರಿಯವೇ: ಬೆಂಗಳೂರು ಕ್ರೆಸೆಂಟ್, ಬೆಂಗಳೂರು ಮುಸ್ಲಿಮ್ಸ್. ಬೊಂಬಾಯಿಯ ರೋವರ್ಸ್ ಕಪ್ 1891ರಿಂದ ಗೋರಾ ತಂಡಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಮೊದಲು ಕಿತ್ತುಕೊಂಡ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1911ರ ಕಥೆ ಗೊತ್ತಿರುವ ಕನ್ನಡಿಗರಲ್ಲಿ ಎಷ್ಟು ಜನಕ್ಕೆ 1937ರದು ಗೊತ್ತು? 1940ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ರೋವರ್ಸನ್ನೂ ಡ್ಯುರಾಂಡ್ ಕಪ್ಪನ್ನೂ ಗೆದ್ದು, ಡ್ಯುರಾಂಡ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡವಾಯಿತು.

ಅಷ್ಟು ಹೊತ್ತಿಗೆ ಹೆಸರಿನಲ್ಲಿದ್ದ ಮತಕ್ಕೆ ಬೇರೆಯೇ ಭಾರ ಬಂದಿತ್ತು. ಬಂಗಾಳದ ರಾಜಕೀಯದಲ್ಲಿ ಮುಸ್ಲಿಂ ಲೀಗ್ ಬಲಿಯುತ್ತಿತ್ತು, ಮೊಹಮ್ಮಡನ್ನಿನ ಒಂದೊಂದು ಗೆಲುವೂ ಬೀದಿಯಲ್ಲಿ ಮೆರವಣಿಗೆಯಾಗುತ್ತಿತ್ತು, ಮೈದಾನದಲ್ಲಿ ಕಲ್ಲುತೂರಾಟವೂ ಆಗುತ್ತಿತ್ತು. ಇದನ್ನೇ ಹಿಡಿದು, ಕ್ಲಬ್ಬು ಕೋಮು ಭಾವನೆ ಬಿತ್ತಿತು ಎಂದು ಬರೆದವರಿದ್ದಾರೆ. ತಮ್ಮ ಪಾಡಿಗೆ ಆಡಿ ಗೆದ್ದವರ ಮೇಲೆ ಸುತ್ತಲಿನ ರಾಜಕೀಯ ಬಂದು ಕೂತಿತು ಎಂದು ವಾದಿಸಿದವರೂ ಇದ್ದಾರೆ. ನನಗೆ ಎರಡನೆಯದು ಹೆಚ್ಚು ಸರಿ ಕಾಣುತ್ತದೆ, ಅದಕ್ಕೆ 1939ರ ಒಂದು ಘಟನೆ ಸಾಕ್ಷಿ. ಆ ವರ್ಷ ಐಎಫ್‌ಎ ಪಕ್ಷಪಾತ ಮಾಡುತ್ತಿದೆಯೆಂದು ಸಿಡಿದು ಮೊಹಮ್ಮಡನ್ ಲೀಗಿನಿಂದ ಹೊರನಡೆದಾಗ, ಈಸ್ಟ್ ಬೆಂಗಾಲ್ ಮತ್ತು ಕಾಳಿಘಾಟ್ ಕ್ಲಬ್ಬುಗಳೂ ಅದರ ಜೊತೆ ಎದ್ದುಹೋದವು. ದೇವಿಯ ಹೆಸರಿನ ಕ್ಲಬ್ಬು, ನಾಡಿನ ಹೆಸರಿನ ಕ್ಲಬ್ಬು, ಪ್ರವಾದಿಯ ಹೆಸರಿನ ಕ್ಲಬ್ಬು ಒಂದೇ ಕಡೆ ನಿಂತವು. ಮೋಹನ್ ಬಾಗನ್ ತನ್ನ ಮೊಟ್ಟಮೊದಲ ಲೀಗ್ ಗೆದ್ದದ್ದು ಆ ವರ್ಷವೇ.

1947ರಲ್ಲಿ ದೇಶ ಒಡೆಯಿತು. ಈಸ್ಟ್ ಬೆಂಗಾಲ್ ಎಂಬ ಹೆಸರಿಗೆ ಆಧಾರವಾಗಿದ್ದ ನಾಡು ಬೇರೆ ದೇಶವಾಯಿತು. 1920ರಲ್ಲಿ ಒಬ್ಬ ಹಾಫ್‌ಬ್ಯಾಕನ ಪರವಾಗಿ ಸಿಟ್ಟಿಗೆದ್ದ ಜಮೀನ್ದಾರರು ಇದನ್ನು ಕನಸಿನಲ್ಲೂ ಎಣಿಸಿರಲಾರರು. ಮನೆ, ಹೊಲ, ಕೊಳ ಬಿಟ್ಟು ಬಂದ ನಿರಾಶ್ರಿತರು ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರಂಗಳಲ್ಲಿ, ದಕ್ಷಿಣ ಕಲ್ಕತ್ತೆಯ ಕಾಲೊನಿಗಳಲ್ಲಿ ಬಿಡಾರ ಹೂಡಿದರು. ಕಳೆದುಹೋದ ಊರಿನ ಹೆಸರು ಗೌರವದಿಂದ ಕೇಳಿಸುತ್ತಿದ್ದ ಜಾಗ ಅವರಿಗೆ ಒಂದೇ ಉಳಿದಿತ್ತು, ಮೈದಾನದ ಗ್ಯಾಲರಿ. ಮೊಹಮ್ಮಡನ್ನಿನದು ಇದರ ತಿರುವುಮುರುವು ಕಥೆ. ಅದರ ಆಟಗಾರರೂ ಅಭಿಮಾನಿಗಳೂ ಎಷ್ಟೋ ಮಂದಿ ಗಡಿ ದಾಟಿದರು. ಢಾಕಾದಲ್ಲಿ 1936ರಿಂದಲೇ ಅದೇ ಹೆಸರಿನ ಕ್ಲಬ್ಬಿತ್ತು, ಅಲ್ಲಿ ಅದು ದೊಡ್ಡ ಶಕ್ತಿಯಾಗಿ ಬೆಳೆಯಿತು. ಕಲ್ಕತ್ತೆಯ ಮೂಲ ಕ್ಲಬ್ಬು ಮತ್ತೆ ಆ ಐದು ವರ್ಷಗಳ ಎತ್ತರಕ್ಕೆ ಏರಲಿಲ್ಲ.

ನಿರಾಶ್ರಿತರು ಎದೆಯುಬ್ಬಿಸಿ ಕೂಗಿದ ಈಸ್ಟ್ ಬೆಂಗಾಲ್ ತಂಡ ಯಾರದ್ದಾಗಿತ್ತು ಎಂದು ನೋಡಿದರೆ ಹೆಸರುಗಳ ಚೇಷ್ಟೆ ಪೂರ್ತಿ ತಿಳಿಯುತ್ತದೆ. 1949ರಿಂದ 1951ರವರೆಗೆ ಸತತ ಮೂರು ಸಲ ಶೀಲ್ಡ್ ಗೆದ್ದ ಆ ತಂಡದ ಮುಂಪಡೆಯ ಐವರನ್ನು ಪಂಚಪಾಂಡವರು ಎಂದು ಕರೆಯುತ್ತಿದ್ದರು: ಅಪ್ಪಾರಾವ್, ಧನರಾಜ್, ವೆಂಕಟೇಶ್, ಸಾಲೆ, ಅಹ್ಮದ್ ಖಾನ್. ಐವರೂ ದಕ್ಷಿಣದವರು, ಪದ್ಮಾ ನದಿಯ ನೀರು ಕುಡಿದು ಬೆಳೆದವನು ಒಬ್ಬನೂ ಇಲ್ಲ. ವೆಂಕಟೇಶ್ ಮತ್ತು ಅಹ್ಮದ್ ಖಾನ್ ಬೆಂಗಳೂರಿನವರು. ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಲ್ಲಿ ಆಡಿದವರು. ಕಾಲಿಗೆ ಅಂಟಿದ ಹಾಗೆ ಚೆಂಡನ್ನು ಹಿಡಿದಿಡುವ ಅವರ ಕಾಲ್ಚಳಕ ನೋಡಲೆಂದೇ ಮೋಹನ್ ಬಾಗನ್ನಿನ ಅಭಿಮಾನಿಗಳೂ ಬರುತ್ತಿದ್ದರಂತೆ. ಫ್ರಾನ್ಸಿನ ವಿರುದ್ಧ ಆ ಒಲಿಂಪಿಕ್ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದ ರಾಮನ್ ಕೂಡ ಬೆಂಗಳೂರಿನವರೇ. ಹತ್ತು ವರ್ಷ ಕಲ್ಕತ್ತೆಯಲ್ಲಿ ಆಡಿದ ಅಹ್ಮದ್ ಖಾನ್ ಊರಿಗೆ ಮರಳಿದರು, 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಹೆಸರಿನ ಮೇಲಿನ ಈ ಪ್ರೀತಿಗೆ ಕರಾಳ ಮುಖವೂ ಇತ್ತು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಾಗನ್ ಮತ್ತು ಈಸ್ಟ್ ಬೆಂಗಾಲ್ ಕ್ಲಬ್ಬುಗಳ ಲೀಗ್ ಪಂದ್ಯದ ವೇಳೆ ಗ್ಯಾಲರಿಯಲ್ಲಿ ಹೊಡೆದಾಟ, ನೂಕುನುಗ್ಗಲು ಆಗಿ 16 ಮಂದಿ ಅಭಿಮಾನಿಗಳು ಸತ್ತರು. ಬಂಗಾಳದಲ್ಲಿ ಆ ದಿನವನ್ನು ಪ್ರತಿ ವರ್ಷ ಫುಟ್‌ಬಾಲ್ ಪ್ರೇಮಿಗಳ ದಿನವೆಂದು ಆಚರಿಸುತ್ತಾರೆ.

ಮುಂದೆ ಹೆಸರಿಗೆ ಕೈಹಾಕಿದ್ದು ಹಣ. ಅದರಲ್ಲೂ ಬೆಂಗಳೂರಿನ ಹಣ. 1998ರಲ್ಲಿ ಬೆಂಗಳೂರಿನ ಯುಬಿ ಸಮೂಹ ಎರಡೂ ಕ್ಲಬ್ಬುಗಳಲ್ಲಿ ಪಾಲು ತೆಗೆದುಕೊಂಡಿತು. ಒಂದು ಮೆಕ್‌ಡೊವೆಲ್ ಮೋಹನ್ ಬಾಗನ್ ಆಯಿತು, ಇನ್ನೊಂದು ಕಿಂಗ್‌ಫಿಶರ್ ಈಸ್ಟ್ ಬೆಂಗಾಲ್. ಸಿಗರೇಟು ಸೇದಿದರೆ ಹೊರಹಾಕುತ್ತಿದ್ದ ಕ್ಲಬ್ಬಿನ ಹೆಸರಿನ ಮುಂದೆ ವಿಸ್ಕಿಯ ಹೆಸರು! ಹಳೆಯ ಹಿರಿಯರು ಎದ್ದುಬಂದಿದ್ದರೆ ಏನೆನ್ನುತ್ತಿದ್ದರೋ. ಮುಕ್ಕಾಲು ಶತಮಾನದ ಜಗಳಗಂಟರಿಬ್ಬರಿಗೂ ಒಬ್ಬನೇ ಧಣಿ ಎಂಬುದು ಅಭಿಮಾನಿಗಳಿಗೆ ನುಂಗಲಾರದ ತುತ್ತಾಗಿದ್ದರೂ ಹಲವು ವರ್ಷ ಹಾಗೇ ನಡೆಯಿತು. 2018ರಲ್ಲಿ ಬೆಂಗಳೂರಿನದೇ ಇನ್ನೊಂದು ಸಂಸ್ಥೆ ಬಂದು ಕ್ವೆಸ್ ಈಸ್ಟ್ ಬೆಂಗಾಲ್ ಮಾಡಿತು. ಅದು ಹೋಗಿ 2020ರಲ್ಲಿ ಸಿಮೆಂಟು ಕಂಪನಿ ಬಂದಾಗ ಎಸ್‌ಸಿ ಈಸ್ಟ್ ಬೆಂಗಾಲ್. ಅದೂ ಹೋಗಿ 2022ರಲ್ಲಿ ಇಮಾಮಿ ಬಂತು. ಪ್ರತಿ ಸಲವೂ ಮುಂದಿನ ಪದ ಬದಲಾಯಿತು, ಹಿಂದಿನ ಎರಡು ಪದಗಳನ್ನು ಯಾರೂ ಮುಟ್ಟಲಿಲ್ಲ.

ಮೋಹನ್ ಬಾಗನ್ನಿಗೆ ಪೆಟ್ಟು ಇನ್ನೂ ಜೋರಾಗಿ ಬಿತ್ತು. 2020ರಲ್ಲಿ ಇಂಡಿಯನ್ ಸೂಪರ್ ಲೀಗಿನ ಎಟಿಕೆ ತಂಡದೊಡನೆ ಸೇರಿ ಎಟಿಕೆ ಮೋಹನ್ ಬಾಗನ್ ಎಂದಾಯಿತು. ಆರು ವರ್ಷದ ಕ್ಲಬ್ಬಿನ ಹೆಸರು ನೂರಮೂವತ್ತು ವರ್ಷದ ಕ್ಲಬ್ಬಿನ ಹೆಸರಿಗಿಂತ ಮುಂದೆ! ಎಟಿಕೆ ತೆಗೆಯಿರಿ ಎಂದು ಅಭಿಮಾನಿಗಳು ಬೀದಿಗಿಳಿದರು, ಪಂದ್ಯಗಳಲ್ಲಿ ಫಲಕ ಹಿಡಿದರು, ಎರಡು-ಮೂರು ವರ್ಷ ಪಟ್ಟು ಬಿಡಲಿಲ್ಲ. 2023ರ ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ತಂಡ ಲೀಗ್ ಗೆದ್ದ ರಾತ್ರಿಯೇ ಮಾಲೀಕ ಸಂಜೀವ್ ಗೋಯೆಂಕಾ ಎಟಿಕೆಯನ್ನು ಕೈಬಿಟ್ಟೆವು ಎಂದು ಘೋಷಿಸಿದರು. ಹೊಸ ಹೆಸರು ಮೋಹನ್ ಬಾಗನ್ ಸೂಪರ್ ಜೈಂಟ್. ಗೋಯೆಂಕಾ ಸಮೂಹದ ಲಖನೌ ಕ್ರಿಕೆಟ್ ತಂಡದ ಬಾಲವನ್ನೇ ತಂದು ಇಲ್ಲಿಗೂ ಅಂಟಿಸಿದ್ದರು, ಆದರೆ ಈ ಸಲ ತೋಟದ ಹೆಸರು ಮುಂದೆ ಇತ್ತು. ಅಭಿಮಾನಿಗಳು ಅಷ್ಟಕ್ಕೆ ಒಪ್ಪಿಕೊಂಡರು.

ಮೊಹಮ್ಮಡನ್ ಸ್ಪೋರ್ಟಿಂಗ್ ಐ-ಲೀಗ್ ಗೆದ್ದು 2024ರಲ್ಲಿ ಸೂಪರ್ ಲೀಗಿಗೆ ಬಂದಾಗ ಕಲ್ಕತ್ತೆಯ ಮೂರೂ ಹಳೆಯ ಹೆಸರುಗಳು ಮತ್ತೆ ಒಂದೇ ಪಟ್ಟಿಯಲ್ಲಿ ಕಾಣಿಸಿಕೊಂಡವು. ಆ ಋತುವಿನಲ್ಲಿ ಮೋಹನ್ ಬಾಗನ್ ಪಟ್ಟಿಯ ತುದಿಯಲ್ಲಿ ನಿಂತು ಸೂಪರ್ ಲೀಗಿನ ಶೀಲ್ಡ್ ಗೆದ್ದಿತು, 2025ರ ಏಪ್ರಿಲ್ 12ರಂದು ಸಾಲ್ಟ್ ಲೇಕ್ ಮೈದಾನದ ಫೈನಲ್ಲಿನಲ್ಲಿ ಮತ್ತೆ ಬೆಂಗಳೂರು ಎಫ್‌ಸಿಯನ್ನೇ ಹೆಚ್ಚುವರಿ ಸಮಯದಲ್ಲಿ 2-1ರಿಂದ ಮಣಿಸಿ ಕಪ್ಪನ್ನೂ ಕೊಂಡೊಯ್ಯಿತು. ಈಸ್ಟ್ ಬೆಂಗಾಲ್ ನಡುವಿಗಿಂತ ಕೆಳಗೆ ಉಳಿಯಿತು. ಮೊಹಮ್ಮಡನ್ ಹದಿಮೂರು ತಂಡಗಳಲ್ಲಿ ಹದಿಮೂರನೆಯದಾಯಿತು.